ಡಬ್ಲಿನ್: ಒಂದು ಟಿಕೆಟ್, 90 ನಿಮಿಷ

ಐರ್ಲೆಂಡ್‌ನ ಡಬ್ಲಿನ್ ಸುತ್ತೋಕೆ ಹೋಗುವವರು ಲೀಪ್ ಕಾರ್ಡ್ (ಬಸ್, ಟ್ರಾಮ್, ರೈಲಿಗೆ ಮುಂಚೆಯೇ ದುಡ್ಡು ತುಂಬಿಸಿಕೊಳ್ಳುವ ಕಾರ್ಡ್) ತಗೊಂಡು, ಪುಟ್ಟ ಕೆಲಸಗಳನ್ನು 90 ನಿಮಿಷದೊಳಗೆ ಜೋಡಿಸಿಕೊಳ್ಳಿ. ಮೊದಲ ಸಲ ಕಾರ್ಡ್ ತಾಗಿಸಿದಾಗ ದೊಡ್ಡವರಿಗೆ 2 ಯೂರೋ ಕತ್ತರಿಸುತ್ತದೆ. ಅಲ್ಲಿಂದ 90 ನಿಮಿಷದೊಳಗೆ ಬಸ್, ಲುವಾಸ್ ಟ್ರಾಮ್, ನಗರ ವಲಯದ ಡಾರ್ಟ್ ರೈಲು ಯಾವುದನ್ನು ಹತ್ತಿದರೂ ಮತ್ತೆ ದುಡ್ಡಿಲ್ಲ. ಲೆಕ್ಕ ಹತ್ತುವ ಹೊತ್ತಿಗೆ, ಇಳಿಯುವ ಹೊತ್ತಿಗಲ್ಲ. ಹಾಗಾಗಿ 85ನೇ ನಿಮಿಷಕ್ಕೆ ಹತ್ತಿದರೂ ಸಾಕು. ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಚಿನ್ನದ ಒಡವೆಗಳಷ್ಟನ್ನೇ ನೋಡಿ, ಅದೇ ಟಿಕೆಟ್‌ನಲ್ಲಿ ವಾಪಸ್ ಬಂದುಬಿಡಬಹುದು. (ಪೂರ್ತಿ ನೋಡೋಕೆ ಅರ್ಧ ದಿನ ಬೇಕು, ಅದು ಬೇರೆ ಮಾತು.) ಬಸ್ಸಿನಲ್ಲಿ ಬಾಗಿಲ ಬಲಗಡೆಯ ಯಂತ್ರಕ್ಕೇ ತಾಗಿಸಿ. ಲುವಾಸ್, ಡಾರ್ಟ್‌ನಲ್ಲಿ ಇಳಿದ ಮೇಲೂ ತಾಗಿಸಬೇಕು, ಮರೆತರೆ ಜಾಸ್ತಿ ದುಡ್ಡು ಹೋಗಬಹುದು. ಚಿಲ್ಲರೆ ಕೊಟ್ಟು ಹತ್ತಿದರೆ ಈ ಅನುಕೂಲ ಇಲ್ಲ, ಬಸ್ಸಿನಲ್ಲಿ ಬಾಕಿ ಚಿಲ್ಲರೆಯನ್ನೂ ಕೊಡುವುದಿಲ್ಲ. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗೋಕೆ ಆಗಲ್ಲ. ಏರ್‌ಪೋರ್ಟ್‌ಗೆ ಓಡುವ ಖಾಸಗಿ ಎಕ್ಸ್‌ಪ್ರೆಸ್ ಕೋಚ್‌ಗಳು ಈ 90 ನಿಮಿಷದ ಟಿಕೆಟ್‌ನಲ್ಲಿ ಸೇರಿಲ್ಲ; ಸಾಮಾನ್ಯ ಸಿಟಿ ಬಸ್ ನಿಧಾನ, ಆದರೆ ಸೇರಿದೆ.