ಚರ್ಚೆಗೆ ವಿಷಯ ಆರಿಸುವುದು: ಮಂಡ್ಯದ ನಮ್ಮ ಕೂಟದ ಅನುಭವ

ಮಂಡ್ಯದಲ್ಲಿ ನಾವು ಒಂದಿಷ್ಟು ಜನ ತಿಂಗಳಿಗೊಂದು ಭಾನುವಾರ ಸಂಜೆ ಸೇರುತ್ತೇವೆ. ಮೇಷ್ಟ್ರುಗಳು, ರೈತರು, ಆಶಾ ಕಾರ್ಯಕರ್ತೆಯರು, ವಕೀಲರು, ಕಾಲೇಜು ಹುಡುಗರು ಎಲ್ಲ ಇದ್ದಾರೆ. ವಿಷಯ ಆರಿಸುವ ಕೆಲಸ ನನ್ನದು. ಮಾತು ಹತ್ತುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ನಾನು ವಿಷಯವನ್ನು ಪ್ರಶ್ನೆಯಾಗಿಯೇ ಬರೆಯುತ್ತೇನೆ. ಬೋರ್ಡಿನ ಮೇಲೆ ಸುಮ್ನೆ ‘ಕಾವೇರಿ ವಿವಾದ’ ಎಂದು ಬರೆದರೆ ನಮ್ಮೂರಲ್ಲಿ ಎಲ್ಲರದ್ದೂ ಒಂದೇ ಮಾತು. ಅಲ್ಲಿಗೆ ಚರ್ಚೆ ಮುಗಿಯಿತು. ಅದಕ್ಕೇ ‘ನಮ್ಮ ಪಾಲಿಗೆ ಬಂದ ನೀರನ್ನು ನಾವು ನಾವೇ ಹೇಗೆ ಹಂಚಿಕೊಳ್ಳುತ್ತಿದ್ದೇವೆ?’ ಎಂದು ಕೇಳಿದೆ. ಜೊತೆಗೆ 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಹಂಚಿದೆ. ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ನಮ್ಮ ಪಾಲು 270ರಿಂದ 284.75ಕ್ಕೆ ಏರಿತು. ಹೆಚ್ಚಿಗೆ ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಇಷ್ಟು ಕಣ್ಣ ಮುಂದೆ ಇದ್ದದ್ದೇ ತಡ, ಮಾತು ನಮ್ಮ ಗದ್ದೆಗಳಿಗೆ ಕಾವೇರಿ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಇಳಿಯಿತು. ‘ನೀವು ಮೇಲುಗಡೆಯವರು ಗದ್ದೆ ತುಂಬಿಸಿಕೊಂಡ ಮೇಲೆ ನಮಗೆ ಉಳಿಯೋದೆಷ್ಟಣ್ಣ?’ ಎಂದು ನಾಲೆಯ ಕೊನೆ ಭಾಗದ ಮಳವಳ್ಳಿ ಕಡೆಯ ರೈತರೊಬ್ಬರು ಕೇಳಿದರು. ಆ ಸಂಜೆ ಯಾರೂ ಬೇಗ ಎದ್ದು ಹೋಗಲಿಲ್ಲ.

ಕಬ್ಬಿನ ಬೆಲೆ ಸುಲಭದ ವಿಷಯ. ಕೇಂದ್ರ ಸರ್ಕಾರ 2025-26ಕ್ಕೆ ಟನ್ನಿಗೆ 3,550 ರೂಪಾಯಿ ಎಂದಿತು. ಆದರೆ ಅದು ಶೇ. 10.25 ಸಕ್ಕರೆ ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ ಬಂದರೆ. ‘ನಿಮ್ಮ ಕಬ್ಬಿನ ಇಳುವರಿ ಎಷ್ಟು, ಅದನ್ನು ಅಳೆದವರು ಯಾರು?’ ಎಂದು ಕೇಳಿದರೆ ಸಾಕು, ಕಾರ್ಖಾನೆಯ ಬಿಲ್ಲು ಹಿಡಿದುಕೊಂಡೇ ಬರುತ್ತಾರೆ.

ಕಷ್ಟದ ವಿಷಯ ಹೆಣ್ಣು ಭ್ರೂಣ ಹತ್ಯೆ. 2023ರ ಕೊನೆಗೆ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಎಂಬ ಸುದ್ದಿ ಬಂತು. ಬೆಲ್ಲ ಬೇಯಿಸುವ ಜಾಗದಲ್ಲಿ! ಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ 1994ರದ್ದು. ಅಷ್ಟು ವರ್ಷ ಕಳೆದರೂ ಇದು ನಿಂತಿಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಆ ಹೆಸರಿನಲ್ಲೇ ಚರ್ಚೆ ಇಟ್ಟರೆ ಎಲ್ಲರೂ ‘ಹೌದು, ತಪ್ಪು’ ಎಂದು ತಲೆ ಆಡಿಸಿ ಸುಮ್ಮನಾಗುತ್ತಾರೆ. ಕೆಲವರ ಮನೆಯಲ್ಲೇ ಆ ನೋವು ಇದ್ದರೂ ಇರಬಹುದು. ಹಾಗಾಗಿ ಊರಿನವರೇ ದಿನಾ ಆಡುವ ಮಾತನ್ನು ಹಿಡಿದುಕೊಂಡೆ: ‘ರೈತರ ಮಕ್ಕಳಿಗೆ ಹೆಣ್ಣು ಯಾಕೆ ಸಿಗುತ್ತಿಲ್ಲ?’ ಅದೇ ವರ್ಷ ಫೆಬ್ರವರಿಯಲ್ಲಿ ಮದುವೆಯಾಗದ ಹುಡುಗರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರು. ಅದು ಎಲ್ಲರಿಗೂ ನೆನಪಿತ್ತು.

ಒಂದೇ ಕಟ್ಟಳೆ ಹಾಕಿದೆ: ಯಾರ ಮನೆಯ ಹೆಸರೂ ಎತ್ತಬಾರದು. ಮೊದಲ ಮಾತು ಹೆಂಗಸರದ್ದು ಎಂದೂ ಹೇಳಿದೆ. ಗಂಡಸರು ಶುರು ಮಾಡಿದರೆ ಮಾತು ‘ಹುಡುಗಿಯರಿಗೆ ಬೆಂಗಳೂರೇ ಬೇಕು’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ, ಅಲ್ವಾ? ಆಶಾ ಕಾರ್ಯಕರ್ತೆಯೊಬ್ಬರು ನಿಧಾನವಾಗಿ ಹೇಳಿದರು: ‘ಮೊದಲನೇದು ಹೆಣ್ಣಾದ ಮನೇಲಿ ಎರಡನೇ ಬಸಿರನ್ನ ನಮಗೆ ತಿಳಿಸೋದೇ ತಡ ಮಾಡ್ತಾರೆ, ಅಣ್ಣ.’ ಆಮೇಲೆ ವರದಕ್ಷಿಣೆ ಬಂತು, ಜಮೀನು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿದೆ. ಆದರೂ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೊಟ್ಟು ಪಾಲು ಬೇಡ ಎಂಬ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಮಾಮೂಲಿ. ಇದನ್ನು ಎತ್ತಿದ್ದು ಕಾಲೇಜು ಹುಡುಗಿ. ಉತ್ತರ ಕೊಡಲು ಹಿರಿಯರಿಗೆ ಹೊತ್ತು ಹಿಡಿಯಿತು.

ಒಳ್ಳೆಯ ವಿಷಯದ ಗುರುತು ನನ್ನ ಮಟ್ಟಿಗೆ ಇದೇ. ಮುಂದಿನ ಪ್ರಶ್ನೆಯನ್ನು ನಾನು ಹುಡುಕುವಂತಿರಬಾರದು, ಕೂತವರೇ ಕೊಡಬೇಕು. ಮುಂದಿನ ತಿಂಗಳಿಗೆ ಅವತ್ತೇ ಬೋರ್ಡಿನ ಮೇಲೆ ಬರೆದೆವು: ‘ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರು ಯಾಕೆ ಸಹಿ ಹಾಕುತ್ತಾರೆ?’ ಕಾನೂನು ಬಿಡಿಸಿ ಹೇಳಲು ನಮ್ಮ ವಕೀಲರು ಒಪ್ಪಿದ್ದಾರೆ. ಬರುವವರು ತಮ್ಮ ಮನೆಯ ಪಹಣಿ ತೆಗೆಸಿ, ಅದರಲ್ಲಿ ಯಾರ ಯಾರ ಹೆಸರಿದೆ ಎಂದು ನೋಡಿಕೊಂಡು ಬರಬೇಕು.