ಸಾಕುತಾಯಿಗೆ ಕೊಟ್ಟ ಮೇಲೆ ಸಿಕ್ಕ ಲೆಕ್ಕ

ಗರ್ಭದಲ್ಲಿದ್ದಾಗ ಮಾರ್ಫಿನ್ ತಾಗಿದ ಇಲಿಮರಿಗಳು ಬೆಳೆದ ಮೇಲೆ ಬೇಗ ಸೆಳವಿಗೆ (ಫಿಟ್ಸ್) ಬೀಳುತ್ತವೆಯೇ ಎಂಬ ಪ್ರಶ್ನೆಗೆ ನಾನು ಮೊದಲ ಎರಡು ವರ್ಷ ಕಂಡುಕೊಂಡಿದ್ದ ಉತ್ತರ ತಪ್ಪಾಗಿತ್ತು. ಡೋಸಿನಲ್ಲಿ ದೋಷವಿರಲಿಲ್ಲ, ಎಲ್ಲರಂತೆ ಬಸಿರಿನ 11ರಿಂದ 18ನೆಯ ದಿನದವರೆಗೆ ದಿನಕ್ಕೆರಡು ಬಾರಿ ಚರ್ಮದಡಿ ಕೊಡುತ್ತಿದ್ದೆ. ಆದರೆ 18ಕ್ಕೆ ಮದ್ದು ನಿಂತ ತಾಯಿ, 22ರ ಸುಮಾರಿಗೆ ಈದ ಮೇಲೆ ಮರಿಗಳನ್ನು ಸರಿಯಾಗಿ ನೋಡಿಕೊಳ್ಳುತ್ತಿರಲಿಲ್ಲ. ಮೂರು ತಾಯಂದಿರು ಮರಿಗಳನ್ನು ತಿಂದೇಬಿಟ್ಟವು. ಉಳಿದ ಮರಿಗಳು ಬಡಕಲಾಗಿ ಬೆಳೆದವು, ನಾನು ಅದನ್ನು ಮಾರ್ಫಿನ್ನಿನ ಲೆಕ್ಕಕ್ಕೆ ಬರೆದುಕೊಂಡೆ. ಸಾಲದ್ದಕ್ಕೆ, ಒಂದೇ ಸೂಲಿನ, ಅಂದರೆ ಒಂದೇ ಹೆರಿಗೆಯ ಮರಿಗಳು ಒಂದನ್ನೊಂದು ಹೋಲುತ್ತವೆ ಎಂಬುದನ್ನು ಮರೆತು, ಎಂಟು ಸೂಲುಗಳ ಅರವತ್ತು ಮರಿಗಳನ್ನು ಅರವತ್ತು ಬೇರೆ ಬೇರೆ ಪ್ರಾಣಿಗಳೆಂದು ಎಣಿಸಿದ್ದೆ. ನನ್ನ ಪ್ರಬಂಧವನ್ನು ಪರಾಮರ್ಶಕರು ಒಂದೇ ಸಾಲಿನಲ್ಲಿ ತಿರಸ್ಕರಿಸಿದರು. ಮಾರ್ಫಿನ್ ಪರವಾನಗಿಗೆ ಕಾದ ಏಳು ತಿಂಗಳು ಬಿಟ್ಟರೂ, ಇಲಿ, ಆಹಾರ, ಪಂಪ್ ಸೇರಿ ಮೂರು ಲಕ್ಷ ರೂಪಾಯಿಯ ಮೇಲೆ ಮುಳುಗಿತ್ತು.

ಹುಟ್ಟಿದ ದಿನವೇ ಮರಿಗಳನ್ನು ಮದ್ದು ಕಾಣದ ಸಾಕುತಾಯಿಗೆ ಕೊಡುತ್ತೇನೆ, ಒಂದೊಂದು ತಾಯಿಯ ಬಳಿ ಅರ್ಧ ಮಾರ್ಫಿನ್ ಮರಿಗಳು, ಅರ್ಧ ಸಲೈನ್ ಮರಿಗಳು (ಬಸಿರಿನಲ್ಲಿ ತಾಯಿಗೆ ಬರೀ ಉಪ್ಪುನೀರು ಚುಚ್ಚಿದವು) ಎಂದಾಗ ಸಹೋದ್ಯೋಗಿಯೊಬ್ಬರು, "ಅದು ತನ್ನವನ್ನೇ ತಿನ್ನುತ್ತೆ, ಪರರವನ್ನು ಬಿಡುತ್ತದೆಯೇ?" ಎಂದು ನಕ್ಕರು. ತನ್ನವೇ ಎಂಬ ವಾಸನೆ ಬರಲೆಂದು ಸಾಕುತಾಯಿಯ ಗೂಡಿನ ಹಾಸನ್ನು ಮರಿಗಳಿಗೆ ಸವರುವುದು ಎಲ್ಲರಿಗೂ ಗೊತ್ತು. ಅದರ ಮುಂದಿನ ಹೆಜ್ಜೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಗುರುತಿಗೆ ಅಂಗಾಲಿಗೆ ಇಂಡಿಯನ್ ಇಂಕನ್ನು ಸಣ್ಣ ಸೂಜಿಯಿಂದ ಚುಚ್ಚಿದೆ: ಎಡಗಾಲು ಮಾರ್ಫಿನ್, ಬಲಗಾಲು ಸಲೈನ್. ಅಳೆಯುವವನಿಗೆ ಆ ಕೀಲಿಯನ್ನು ಕೊಡಲಿಲ್ಲ.

ನಡುವೆ, ಉಸಿರಾಡಿದರೆ ಸೆಳವು ಬರಿಸುವ ಫ್ಲೂರೋಥಿಲ್ ಆವಿಯನ್ನೂ ಪ್ರಯತ್ನಿಸಿದೆ. ಡಬ್ಬಿಯ ರಬ್ಬರ್ ಅಂಚು ಸೋರಿ ಎರಡು ದಿನದ ಅಳತೆಗಳು ಹಾಳಾದ ಮೇಲೆ ಅದನ್ನು ಮೂಲೆಗಿಟ್ಟು, ಬಾಲದ ರಕ್ತನಾಳಕ್ಕೆ ಪಂಪ್‌ನಿಂದ ಸೆಳವು ಬರಿಸುವ ಮದ್ದು ಪಿ.ಟಿ.ಜಡ್. ಹರಿಸುವ ಕ್ರಮಕ್ಕೇ ಮರಳಿದೆ. ಬಾಲವನ್ನು ಬೆಚ್ಚನೆಯ ನೀರಿನಲ್ಲಿ ಮುಳುಗಿಸದೆ ಸೂಜಿ ಹಾಕಿದ ದಿನಗಳಲ್ಲಿ ಐದರಲ್ಲಿ ಎರಡು ಇಲಿಗಳಾದರೂ ಕೈತಪ್ಪುತ್ತಿದ್ದವು. ಹೆಣ್ಣಿಲಿಗಳಿಗೆ ಬೆಳಗ್ಗೆ ಸ್ಮಿಯರ್ (ಋತುಚಕ್ರದ ಹಂತ ತಿಳಿಸುವ ಯೋನಿ ಲೇಪ) ನೋಡದೆ ಸೆಳವು ಬರಿಸಲೇ ಇಲ್ಲ, ಏಕೆಂದರೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಏರಿದ ದಿನ ಸೆಳವು ಶುರುವಾಗುವ ಮಿತಿ ತಾನಾಗಿಯೇ ಇಳಿದಿರಬಹುದು.

ಸೂಲನ್ನೇ ಒಂದು ಎಣಿಕೆಯಾಗಿ ಹಿಡಿದು ಹನ್ನೆರಡು ಸೂಲುಗಳನ್ನು ಮುಗಿಸಿದಾಗ, ಗಂಡುಗಳಲ್ಲಿ ಸೆಳವಿನ ಮಿತಿಯಲ್ಲಿ ಮೊದಲು ಕಂಡಿದ್ದ ವ್ಯತ್ಯಾಸ ಅರ್ಧಕ್ಕರ್ಧ ಕರಗಿತು, ಉಳಿದ ಅರ್ಧವಾದರೋ ಸೂಲಿನಿಂದ ಸೂಲಿಗೆ ಅಲುಗದೆ ನಿಂತಿತು. ನಕ್ಕ ಸಹೋದ್ಯೋಗಿ ತಮ್ಮ ನಿಕೋಟಿನ್ ಪ್ರಯೋಗಕ್ಕಾಗಿ ಕಳೆದ ತಿಂಗಳು ನನ್ನ ಇಂಕಿನ ಸೂಜಿಯನ್ನು ಕೇಳಿ ಒಯ್ದಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ.