‘ಇದು ಗೊತ್ತಾ?’ ಬೋರ್ಡಿಗೆ ನಾನು ಸಂಗತಿ ಆರಿಸುವ ಬಗೆ

ತೀರ್ಥಹಳ್ಳಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. ಬಾಗಿಲ ಪಕ್ಕ ಒಂದು ಕಪ್ಪು ಬೋರ್ಡಿದೆ. ಮೇಲೆ ‘ಇದು ಗೊತ್ತಾ?’ ಅಂತ ಬರೆದು ಕೆಳಗೆ ಒಂದು ಪ್ರಶ್ನೆ ಹಾಕುತ್ತೇನೆ. ಉತ್ತರ ಮರುದಿನ. ಸುತ್ತಮುತ್ತಲ ಶಾಲೆಯ ಮೇಷ್ಟ್ರುಗಳು, ಬೇರೆ ಗ್ರಂಥಾಲಯದವರು ‘ಪ್ರಶ್ನೆ ಎಲ್ಲಿಂದ ತರ್ತೀರಿ ಮೇಡಂ?’ ಅಂತ ಕೇಳುತ್ತಿರುತ್ತಾರೆ. ಹೆಚ್ಚಿನವು ಹಿತ್ತಲಿನಿಂದ, ಅಡುಗೆಮನೆಯಿಂದ, ಹಳ್ಳದ ದಂಡೆಯಿಂದ ಬರುತ್ತವೆ.

ಆಕ್ಟೋಪಸ್‌ಗೆ ಮೂರು ಹೃದಯ. ಶುಕ್ರ ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 225 ದಿನ ಸಾಕು, ಆದರೆ ತನ್ನ ಸುತ್ತ ತಾನು ಒಮ್ಮೆ ತಿರುಗಲು 243 ದಿನ ಬೇಕು. ಇವೆಲ್ಲ ನಿಜ, ಚೆಂದವೂ ಹೌದು. ಓದಿದವರು ‘ಓ, ಹೌದಾ’ ಅಂದು ಪೇಪರ್ ನೋಡಲು ಒಳಗೆ ಹೋಗುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಹಲಸಿನ ಹಣ್ಣಿನ ಬಗ್ಗೆ ಬರೆದ ದಿನ ಮಾತ್ರ ಬೋರ್ಡಿನ ಮುಂದೆ ಜನ ನಿಂತೇಬಿಟ್ಟರು. ಮನೆಗೆ ಹೋಗಿ ಹಣ್ಣು ಕೊಯ್ದು ನೋಡಿಕೊಂಡು ಬಂದವರೂ ಇದ್ದರು. ಅವತ್ತಿನಿಂದ ಪ್ರಶ್ನೆ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಓದಿದವರು ಹೋಗಿ ಕಣ್ಣಾರೆ ನೋಡಿ ಬರಲು ಆಗುತ್ತದಾ?

ಆ ಪ್ರಶ್ನೆ ಹೀಗಿತ್ತು: ‘ಒಂದು ಹಲಸಿನ ಹಣ್ಣು ಎಷ್ಟು ಹೂವಿನಿಂದ ಆಗುತ್ತದೆ?’ ಮಾವಿನ ಹಣ್ಣು ಒಂದು ಹೂವಿನಿಂದ ಆಗುತ್ತದೆ. ಹಲಸು ಹಾಗಲ್ಲ. ನೂರಾರು ಹೂವು ಒತ್ತೊತ್ತಾಗಿ ಕೂಡಿಕೊಂಡು ಬೆಳೆದು ಒಂದೇ ಹಣ್ಣಾಗಿರುತ್ತದೆ. ಸಿಪ್ಪೆಯ ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಪರಾಗ ಸಿಕ್ಕಿದ ಹೂವು ಬೀಜ ಕಟ್ಟಿ ತೊಳೆಯಾಗುತ್ತದೆ. ಸಿಗದೇ ಹೋದದ್ದು ತೊಳೆಗಳ ನಡುವೆ ಚಪ್ಪಟೆ ನಾರಾಗಿ ಉಳಿಯುತ್ತದೆ. ನಾವು ಬಿಡಿಸಿ ದನಕ್ಕೆ ಹಾಕುವುದು ಅದನ್ನೇ.

ಮರುದಿನ ಒಂದು ಬಕ್ಕೆ ಹಣ್ಣು ತಂದೆ. ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ, ಕೊಯ್ದು, ಬೋರ್ಡಿನ ಕೆಳಗಿನ ಬೆಂಚಿನ ಮೇಲೆ ಇಟ್ಟೆ. ಒಂದು ತೊಳೆಯನ್ನು ಸಿಪ್ಪೆ ಸಮೇತ ಉದ್ದಕ್ಕೆ ಸೀಳಿದರೆ ಅದರ ತುದಿ ಸೀದಾ ಮುಳ್ಳಿಗೆ ಹೋಗಿ ಸೇರುವುದು ಕಾಣುತ್ತದೆ. ಮಕ್ಕಳು ಕೈಗೆ ಮೇಣ ಮೆತ್ತಿಕೊಂಡು, ಬೆರಳಿಟ್ಟು ಒಂದೊಂದೇ ಜಾಡು ಹಿಡಿದರು. ‘ಹಾಗಾದ್ರೆ ನಾರು ಜಾಸ್ತಿ ಇರೋ ಹಣ್ಣಿಗೆ ಪರಾಗ ಕಮ್ಮಿ ಸಿಕ್ಕಿದ್ದಾ ಮೇಡಂ?’ ಅಂತ ಒಬ್ಬಳು ಕೇಳಿದಳು. ಎಷ್ಟು ಒಳ್ಳೆ ಪ್ರಶ್ನೆ! ಹೌದು, ಅದೂ ಒಂದು ಕಾರಣ. ಹಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗುವುದಕ್ಕೂ ಪರಾಗ ಎಲ್ಲ ಕಡೆ ಸರಿಯಾಗಿ ಸಿಗದಿರುವುದು ಕಾರಣವಾಗುತ್ತದೆ. ಅದೇ ಮಾತಿಗೆ ಇನ್ನೊಂದು ವಿಷಯವೂ ಬಂತು. ಮರದ ಬುಡದಲ್ಲಿ ಉದುರಿ ಕಪ್ಪಾಗಿ ಬಿದ್ದಿರುವುದನ್ನು ನೋಡಿ ‘ಈ ವರ್ಷ ಮಿಡಿಯೆಲ್ಲ ಹೋಯ್ತು’ ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ಅವುಗಳಲ್ಲಿ ಹೆಚ್ಚಿನವು ಗಂಡು ಹೂಗೊಂಚಲು. ಪರಾಗ ಬಿಟ್ಟ ಮೇಲೆ ಅವು ಬೀಳಲೇಬೇಕು.

ಮಳೆಗಾಲಕ್ಕೆ ಮಳೆಯದ್ದೇ ಪ್ರಶ್ನೆ. ‘ಒಂದು ಮಿಲಿಮೀಟರ್ ಮಳೆ ಅಂದರೆ ಎಷ್ಟು ನೀರು?’ ದಿನಾ ಮಳೆ ಲೆಕ್ಕ ಮಾತಾಡುವ ಅಡಿಕೆ ತೋಟದವರೂ ಇದಕ್ಕೆ ಸ್ವಲ್ಪ ಯೋಚಿಸಿದರು. ಒಂದು ಚದರ ಮೀಟರ್ ಜಾಗಕ್ಕೆ ಸರಿಯಾಗಿ ಒಂದು ಲೀಟರ್. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅಂದರೆ ಅಲ್ಲಿ 100 ಚದರ ಮೀಟರಿನ ಒಂದು ಮನೆಯ ಮಾಡಿನ ಮೇಲೆ ವರ್ಷಕ್ಕೆ ಏಳು ಲಕ್ಷ ಲೀಟರ್ ನೀರು ಬೀಳುತ್ತದೆ. ಇಷ್ಟು ಸುರಿದೂ ಬೇಸಿಗೆಯಲ್ಲಿ ಮಲೆನಾಡಿನ ಎಷ್ಟೋ ಬಾವಿ ಬತ್ತುತ್ತವೆ. ಆ ಲೆಕ್ಕ ಬೋರ್ಡಿನಲ್ಲಿ ನೋಡಿದ ಮೇಲೆ ಇಂಗುಗುಂಡಿಯ ಬಗ್ಗೆ ವಿಚಾರಿಸಿಕೊಂಡು ಬಂದವರಿದ್ದಾರೆ. ಮನೆಯಲ್ಲೇ ಅಳೆಯುವುದಾದರೆ ಬಾಯಿಯೂ ತಳವೂ ಒಂದೇ ಅಗಲ ಇರುವ ಡಬ್ಬ ಇಡಿ, ಸ್ಕೇಲು ಇಳಿಸಿ ನೋಡಿ. ಬಕೆಟ್ ಬೇಡ. ಅದರ ಬಾಯಿ ಅಗಲ, ತಳ ಸಣ್ಣ. ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ.

ನಮ್ಮ ತಾಲೂಕಿನ ಮಳೆ ಎರಡು ಸಮುದ್ರಕ್ಕೆ ಹೋಗುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ತುಂಗೆಗೆ ಬಿದ್ದ ಹನಿ ಕೂಡಲಿಯಲ್ಲಿ ಭದ್ರೆಯ ಜೊತೆಯಾಗಿ, ಮುಂದೆ ಕೃಷ್ಣೆಯನ್ನು ಸೇರಿ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ಆಕಾಶ ತಿಳಿಯಾಗಿದ್ದರೆ ಪಡುವಣ ಸಮುದ್ರ ಕಣ್ಣಿಗೇ ಕಾಣುತ್ತದೆ. ಅಷ್ಟು ಹತ್ತಿರ ಇದ್ದರೂ ತುಂಗೆ ಬೆನ್ನು ಹಾಕಿ ಮೂಡಣಕ್ಕೆ ಹೊರಡುತ್ತಾಳೆ. ಇದನ್ನು ಬರೀ ಬರೆದರೆ ಸಾಲದು. ಬೋರ್ಡಿನ ಮೇಲೆ ನಕ್ಷೆ ಬರೆದು, ಮಕ್ಕಳ ಕೈಗೆ ಎರಡು ಬಣ್ಣದ ಸೀಮೆಸುಣ್ಣ ಕೊಟ್ಟು ಎರಡು ಹನಿಯ ದಾರಿ ಎಳೆಸಬೇಕು.

ಮೊಬೈಲಿಗೆ ಬಂದದ್ದನ್ನು ನಾನು ಹಾಗೇ ಬೋರ್ಡಿಗೆ ಹಾಕುವುದಿಲ್ಲ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಅನ್ನುವುದು ಈಗಲೂ ಓಡಾಡುತ್ತಿದೆ, ಅದು ಸುಳ್ಳು. ‘ಉಂಬಳಕ್ಕೆ 32 ಮೆದುಳು’ ಅಂತ ಇನ್ನೊಂದು. ಪ್ರಾಣಿಶಾಸ್ತ್ರದ ಪುಸ್ತಕ ತೆಗೆದರೆ ವಿಷಯ ಬೇರೆಯೇ ಇದೆ. ಅದರ ಮೈ 32 ತುಂಡುಗಳಾಗಿ ಜೋಡಣೆಯಾಗಿದೆ, ತುಂಡುತುಂಡಿಗೂ ನರಗಳ ಗಂಟಿದೆ, ಎಲ್ಲ ಸೇರಿ ಒಂದೇ ಸರಪಳಿ. ಹಾಗಂತ ಉಂಬಳವನ್ನು ಬಿಡುವುದು ಯಾಕೆ? ಗದ್ದೆಯಿಂದ ಬಂದವರ ಕಾಲಲ್ಲೇ ಸಾಕ್ಷಿ ಇದೆಯಲ್ಲ. ‘ಉಂಬಳ ಬಿಟ್ಟ ಮೇಲೂ ರಕ್ತ ಯಾಕೆ ನಿಲ್ಲುವುದಿಲ್ಲ?’ ಅಂತ ಬರೆದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುತ್ತದೆ. ಚಿಕಿತ್ಸೆಗೆ ಬಳಸುವ ಜಿಗಣೆಯಲ್ಲಿ ಸಿಕ್ಕಿದ ಹಿರುಡಿನ್ ಅನ್ನುವ ಇಂಥದ್ದೇ ಅಂಶದಿಂದ ರಕ್ತ ಹೆಪ್ಪುಗಟ್ಟದಿರುವ ಔಷಧಿಗಳು ಬಂದಿವೆ.

ಚರಿತ್ರೆಯ ಸಂಗತಿಯನ್ನು ಇಸವಿಯಿಂದ ಶುರು ಮಾಡಿದರೆ ಜನ ಓದುವುದಿಲ್ಲ. ನಾನು ಅಡುಗೆಮನೆಯಿಂದ ಶುರು ಮಾಡುತ್ತೇನೆ. ‘ತಾಳಗುಂದದ ಮಯೂರಶರ್ಮನ ಮನೆ ಸಾರಿನಲ್ಲಿ ಏನೇನು ಇರಲಿಲ್ಲ?’ ನಾಲ್ಕನೇ ಶತಮಾನದ ಮಾತು. ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಗೇರುಬೀಜ, ಅನಾನಸ್, ಪಪ್ಪಾಯಿ, ಪೇರಳೆ, ನೆಲಗಡಲೆ ಯಾವುದೂ ಇಲ್ಲ. ಎಲ್ಲವೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಇವು ಒಂದೊಂದಾಗಿ ನಮ್ಮ ಕಡೆ ಬಂದವು. ಅಲ್ಲಿಯವರೆಗೆ ಖಾರ ಅಂದರೆ ಕಾಳುಮೆಣಸು, ಶುಂಠಿ.

ಇಲ್ಲಿಯವರೆಗೆ ಎಲ್ಲರೂ ಒಪ್ಪಿದರು. ಸೂಜಿಮೆಣಸೂ ಅಲ್ಲಿಯದೇ ಅಂದಾಗ ಜಗಳವೇ ಆಯಿತು. ‘ಯಾರೂ ನೆಡದೆ ಬೇಲಿ ಮೇಲೆ ತಾನೇ ಹುಟ್ಟೋ ಗಿಡ ಮಗಾ, ಅದು ಹೊರಗಿನದು ಹೇಗಾಗುತ್ತೆ?’ ಅಂತ ಪಕ್ಕದ ಮನೆಯ ದೊಡ್ಡಮ್ಮ ಬಂದು ನಿಂತರು. ಅವರು ನೋಡಿದ್ದು ಸರಿಯೇ. ಅದನ್ನು ನೆಡುವುದು ಹಕ್ಕಿಗಳು. ನಮ್ಮ ನಾಲಿಗೆಗೆ ತಾಗುವ ಖಾರ ಹಕ್ಕಿಗೆ ತಾಗುವುದೇ ಇಲ್ಲ. ಹಣ್ಣು ನುಂಗಿ ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಉದುರಿಸುತ್ತವೆ. ನಾನೂರೈನೂರು ವರ್ಷ ಹೀಗೇ ನಡೆದರೆ ಗಿಡ ನಮ್ಮ ಬೇಲಿಯದೇ ಆಗಿಬಿಡುತ್ತದೆ. ‘ಹಂಗಾದ್ರೆ ಪಿಕಳಾರ ಅದನ್ನ ತಿನ್ನೋದು ಕಂಡಿದ್ದು ಸುಳ್ಳಲ್ಲ’ ಅಂದರು ದೊಡ್ಡಮ್ಮ. ಮರುದಿನ ಒಂದು ಹಿಡಿ ಸೂಜಿಮೆಣಸು ತಂದು ಬೆಂಚಿನ ಮೇಲೆ ಇಟ್ಟು ಹೋದರು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಬಳಸಿದ್ದು ಕಲ್ಲಿದ್ದಲಲ್ಲ, ನಮ್ಮ ಕಾಡಿನ ಮರದ ಇದ್ದಿಲು ಅನ್ನುವುದನ್ನೂ ಬರೆದಿದ್ದೆ. ಅದಕ್ಕೆ ವಯಸ್ಸಾದವರು ಹೆಚ್ಚು ನಿಂತರು.

ಈಗ ಹಳ್ಳದ ಪಕ್ಕದ ಅತ್ತಿ ಮರದಲ್ಲಿ ಕಾಯಿ ಬಿಟ್ಟಿದೆ. ಅತ್ತಿ ಹೂ ಬಿಡುವುದನ್ನು ಕಂಡವರಿಲ್ಲ ಅನ್ನುತ್ತಾರೆ. ಹೂವೆಲ್ಲ ಕಾಯಿಯ ಒಳಗಡೆಯೇ ಇರುತ್ತದೆ. ತುದಿಯ ಸಣ್ಣ ತೂತಿನಿಂದ ಪುಟ್ಟ ಕಣಜ ಒಳಗೆ ನುಗ್ಗಿ ಪರಾಗ ಮುಟ್ಟಿಸುತ್ತದೆ. ಮುಂದಿನ ಪ್ರಶ್ನೆ ಅದೇ. ಕಾಯಿ ಉದ್ದಕ್ಕೆ ಸೀಳಿ ಇಡುತ್ತೇನೆ, ಪಕ್ಕದಲ್ಲಿ ಭೂತಗನ್ನಡಿ. ಕೊಯ್ದ ಸ್ವಲ್ಪ ಹೊತ್ತಿಗೆ ಒಳಗೆಲ್ಲ ಕಪ್ಪಾಗುತ್ತದೆ, ಹಾಗಾಗಿ ಶಾಲೆ ಬಿಡುವ ಹೊತ್ತಿಗೇ ಸೀಳಬೇಕು.